ಹನ್ನೆರಡು ಸಾವಿರ ಫೋಟೊಗಳಲ್ಲಿ ಒಂದು ವೀರಗಲ್ಲು
ದೊಡ್ಡ ಛಾಯಾಗ್ರಹಣ ಯೋಜನೆಗೆ ತಂತ್ರಾಂಶ ಆರಿಸಿಕೊಳ್ಳುವುದು ಹೇಗೆ?

ಊರಾಚೆಯ ಕೆರೆ ಏರಿಯ ಪಕ್ಕದಲ್ಲಿ ಅರ್ಧ ಹೂತ ವೀರಗಲ್ಲೊಂದಿದೆ ಎಂದುಕೊಳ್ಳಿ. ದಾಖಲೆಗೆಂದು ಫೋಟೊ ತೆಗೆಯಲು ಹೋದವರು ಒಂದೇ ಕ್ಲಿಕ್ಕಿಗೆ ಎದ್ದು ಬರುವುದಿಲ್ಲ. ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇಡೀ ಕಲ್ಲು. ಆಮೇಲೆ ಕೆಳಗಿನ ಪಟ್ಟಿಕೆಯ ತುರುಗಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯ ಸೂರ್ಯಚಂದ್ರರು. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಬರಹವಿದ್ದರೆ ಅದಕ್ಕೇ ಆರೇಳು ಫೋಟೊ ಬೇಕು. ಸವೆದ ಅಕ್ಷರ ಎದುರು ಬೆಳಕಿಗೆ ಕಾಣುವುದಿಲ್ಲ. ಟಾರ್ಚನ್ನು ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಓರೆಯಾಗಿ ಹಿಡಿದರೆ ಕೊರೆದ ಗೆರೆಯಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಕಲ್ಲಿನ ಬೆನ್ನು, ಸುತ್ತಲಿನ ಜಾಗ ಎಲ್ಲ ಸೇರಿ ಒಂದು ಕಲ್ಲಿಗೆ ಇಪ್ಪತ್ತು ಫೋಟೊ. ಹೀಗೆ 600 ಕಲ್ಲು ದಾಖಲಿಸಿದರೆ 12,000 ಫೋಟೊ ಆಯಿತು.

ಎರಡು ವರ್ಷ ಕಳೆದ ಮೇಲೆ ಸಂಶೋಧಕರೊಬ್ಬರು ಫೋನ್ ಮಾಡುತ್ತಾರೆ: “ಸಾರ್, ಬಿಲ್ಲು ಹಿಡಿದ ವೀರ, ಪಕ್ಕದಲ್ಲಿ ನಾಯಿ. ಆ ಥರದ ಕಲ್ಲು ನಿಮ್ಮ ಹತ್ತಿರ ಎಷ್ಟಿವೆ?” ಈ ಪ್ರಶ್ನೆಗೆ ಒಂದು ನಿಮಿಷದಲ್ಲಿ ಉತ್ತರ ಹೇಳಲು ಆದರೆ ನಿಮ್ಮ ಫೋಟೊ ನಿರ್ವಹಣೆ ಸರಿಯಾಗಿದೆ ಎಂದರ್ಥ. ನಾನು ಇಂಥದೇ ಪ್ರಶ್ನೆಗೆ ಒಮ್ಮೆ ಮೂರು ದಿನ ಹುಡುಕಿ, ಕೊನೆಗೆ ‘ಹೊಸ ಫೋಲ್ಡರ್ 3’ ಎಂಬುದರೊಳಗಿನ ‘ಹೊಸ ಫೋಲ್ಡರ್’ನಲ್ಲಿ ಉತ್ತರ ಕಂಡುಕೊಂಡವನು. ಆಗ ನನ್ನ ಕಂಪ್ಯೂಟರಿನಲ್ಲಿ ತಂತ್ರಾಂಶಗಳಿಗೇನೂ ಬರವಿರಲಿಲ್ಲ. ಅವುಗಳಿಂದ ಏನು ಕೆಲಸ ಆಗಬೇಕು ಎಂದು ಕೇಳಿಕೊಂಡಿರಲಿಲ್ಲ, ಅಷ್ಟೆ.

ಇಲ್ಲಿ ವೀರಗಲ್ಲು ಒಂದು ಉದಾಹರಣೆ. ಪಶ್ಚಿಮ ಘಟ್ಟದ ಕಪ್ಪೆಗಳಿರಲಿ, ಜಿಲ್ಲೆಯ ಜಾತ್ರೆಗಳಿರಲಿ, ವರ್ಷಕ್ಕೆ ನಲವತ್ತು ಮದುವೆ ತೆಗೆಯುವ ಸ್ಟುಡಿಯೊ ಇರಲಿ, ಲೆಕ್ಕ ಒಂದೇ.

ಮೊದಲು ನಾಲ್ಕು ಪ್ರಶ್ನೆ

ಎಷ್ಟು? 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಹೆಚ್ಚುಕಡಿಮೆ 25ರಿಂದ 30 ಎಂಬಿ. 12,000 ಫೋಟೊ ಎಂದರೆ ಸುಮಾರು 360 ಜಿಬಿ. ಮೂರು ಪ್ರತಿ ಇಟ್ಟರೆ ಒಂದು ಟಿಬಿ ದಾಟುತ್ತದೆ. ತಿದ್ದಿ ಸಿದ್ಧಪಡಿಸಿದ ಟಿಫ್ ಫೈಲುಗಳ ತೂಕ ಬೇರೆ.

ಎಷ್ಟು ಜನ? ಒಬ್ಬರೇ ಕೂತು ಮಾಡುವ ಕೆಲಸಕ್ಕೂ ನಾಲ್ವರು ನಾಲ್ಕು ಊರಿನಿಂದ ಟಿಪ್ಪಣಿ ಸೇರಿಸುವ ಕೆಲಸಕ್ಕೂ ಬೇರೆ ಬೇರೆ ತಂತ್ರಾಂಶ ಬೇಕು. ಉದಾಹರಣೆಗೆ, ಲೈಟ್‌ರೂಮ್ ಕ್ಲಾಸಿಕ್‌ನ ಒಂದು ಕ್ಯಾಟಲಾಗನ್ನು ಇಬ್ಬರು ಏಕಕಾಲಕ್ಕೆ ತೆರೆಯುವಂತಿಲ್ಲ.

ಎಷ್ಟು ವರ್ಷ? ಮದುವೆ ಆಲ್ಬಂ ಕೊಟ್ಟ ಆರು ತಿಂಗಳಿಗೆ ಸ್ಟುಡಿಯೊದ ಕೆಲಸ ಮುಗಿಯಬಹುದು. ಆದರೆ ಶಾಸನದ ಫೋಟೊ ಮುಂದಿನ ತಲೆಮಾರಿಗೂ ಬೇಕು. ಅಷ್ಟು ಹೊತ್ತಿಗೆ ಮೂಲ ಕಲ್ಲೇ ಮತ್ತಷ್ಟು ಸವೆದಿರಬಹುದು, ರಸ್ತೆ ಅಗಲಿಸುವಾಗ ಮಣ್ಣಿನಡಿ ಸೇರಿರಬಹುದು.

ಯಾರಿಗಾಗಿ? ನಿಮಗೊಬ್ಬರಿಗೋ, ಗಿರಾಕಿಗೋ, ಜಾಲತಾಣದಲ್ಲಿ ನೋಡುವ ಎಲ್ಲರಿಗೋ? ಇದರ ಮೇಲೆ ಯಾವ ವಿವರ ಹೊರಗೆ ಹೋಗಬೇಕು, ಯಾವುದು ಒಳಗೇ ಉಳಿಯಬೇಕು ಎಂಬುದು ನಿಂತಿದೆ.

ಈ ನಾಲ್ಕಕ್ಕೆ ಉತ್ತರ ಬರೆದುಕೊಳ್ಳುವ ಮುಂಚೆ ಯಾವ ತಂತ್ರಾಂಶದ ಜಾಹೀರಾತನ್ನೂ ನೋಡಬೇಡಿ.

ಹೆಸರು ಒಂದೇ, ಕೆಲಸ ನಾಲ್ಕು

‘ಫೋಟೊ ನಿರ್ವಹಣೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ನಾಲ್ಕು ಕೆಲಸಗಳಿವೆ. ನಾಲ್ಕನ್ನೂ ಒಂದೇ ತಂತ್ರಾಂಶ ಚೆನ್ನಾಗಿ ಮಾಡಲಿ ಎಂದು ಬಯಸುವುದರಿಂದಲೇ ಅರ್ಧ ನಿರಾಸೆ ಹುಟ್ಟುತ್ತದೆ.

ಮೊದಲನೆಯದು ಇಳಿಸಿ ಆರಿಸುವುದು. ಕಾರ್ಡಿನಿಂದ ಸಾವಿರ ಫೋಟೊ ಇಳಿಸಿಕೊಂಡು, ಮಸುಕಾದದ್ದನ್ನು ತೆಗೆದು, ಒಳ್ಳೆಯದಕ್ಕೆ ನಕ್ಷತ್ರ ಹಾಕುವ ಕೆಲಸ. ಪತ್ರಿಕಾ ಛಾಯಾಗ್ರಾಹಕರ ನಡುವೆ ಫೋಟೊ ಮೆಕ್ಯಾನಿಕ್ ಹೆಸರು ಮಾಡಿದ್ದು ಇದರಿಂದಲೇ. ರಾ ಫೈಲಿನೊಳಗೆ ಕ್ಯಾಮೆರಾ ಮೊದಲೇ ಇಟ್ಟಿರುವ ಜೆಪೆಗ್ ಚಿತ್ರವನ್ನೇ ತೋರಿಸುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ಕಾಯಬೇಕಿಲ್ಲ. ಇದು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶ. ಉಚಿತವಾಗಿ ಬೇಕೆಂದರೆ ಅಡೋಬಿಯ ಬ್ರಿಡ್ಜ್ ಇದೆ.

ಎರಡನೆಯದು ಗುರುತು ಹಚ್ಚಿ ಹುಡುಕುವುದು. ಕೀವರ್ಡ್, ಊರು, ದಿನಾಂಕ, ವಿವರಣೆ ಇವೆಲ್ಲ ಇಲ್ಲಿ ಬರುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಮತ್ತು ಕ್ಯಾಪ್ಚರ್ ಒನ್ ಇದನ್ನು ಮಾಡುತ್ತವೆ. ಉಚಿತ, ಮುಕ್ತ ತಂತ್ರಾಂಶಗಳಲ್ಲಿ ಡಿಜಿಕ್ಯಾಮ್ ಗಟ್ಟಿ. ಕೀವರ್ಡುಗಳನ್ನು ಜಿಲ್ಲೆ, ತಾಲೂಕು, ಊರು ಎಂದು ಕವಲು ಕವಲಾಗಿ ಕಟ್ಟಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸಂಗ್ರಹ ಒಂದು ಲಕ್ಷ ಮೀರುವಂತಿದ್ದರೆ ಅದರ ಮಾಹಿತಿಯನ್ನು ಮೈಎಸ್‌ಕ್ಯುಎಲ್‌ನಲ್ಲಿ ಇಡುವ ಸೌಲಭ್ಯವೂ ಇದೆ.

ಮೂರನೆಯದು ತಿದ್ದುವುದು. ಬೆಳಕು, ಬಣ್ಣ, ಓರೆಕೋರೆ ಸರಿಪಡಿಸುವ ಈ ಕೆಲಸಕ್ಕೆ ಲೈಟ್‌ರೂಮ್, ಕ್ಯಾಪ್ಚರ್ ಒನ್, ಉಚಿತದಲ್ಲಿ ಡಾರ್ಕ್‌ಟೇಬಲ್.

ನಾಲ್ಕನೆಯದು ಹಲವರಿಗೆ ತೋರಿಸುವುದು. ಸಂಸ್ಥೆಯೊಂದು ಬ್ರೌಸರಿನಲ್ಲೇ ಸಂಗ್ರಹವನ್ನು ತೆರೆದಿಟ್ಟು, ಯಾರು ಏನು ನೋಡಬಹುದು, ಯಾರು ತಿದ್ದಬಹುದು ಎಂದು ನಿಗದಿ ಮಾಡಬೇಕಾದರೆ ರಿಸೋರ್ಸ್‌ಸ್ಪೇಸ್‌ನಂಥ ಮುಕ್ತ ತಂತ್ರಾಂಶ ನೋಡಬಹುದು. ಮನೆಯ ಅಥವಾ ಚಿಕ್ಕ ತಂಡದ ಸಂಗ್ರಹವನ್ನು ಸ್ವಂತ ಸರ್ವರಿನಲ್ಲಿ ಇಟ್ಟುಕೊಳ್ಳುವವರಿಗೆ ಇಮ್ಮಿಚ್ ಇದೆ. ಎರಡಕ್ಕೂ ಸರ್ವರ್ ನೋಡಿಕೊಳ್ಳಬಲ್ಲ ಒಬ್ಬರು ಬೇಕು. ಅಂಥವರಿಲ್ಲದೆ ಈ ದಾರಿಗೆ ಹೋದರೆ ಒಂದು ದಿನ ಎಲ್ಲರೂ ಬಾಗಿಲ ಹೊರಗೇ ನಿಂತಿರುತ್ತೀರಿ.

“ಗೂಗಲ್ ಫೋಟೋಸ್ ಇದೆಯಲ್ಲ, ಸಾಲದೇ?” ಎಂದು ಕೇಳುವವರಿದ್ದಾರೆ. ಮನೆಮಂದಿಯ ಫೋಟೊಗೆ ಅದು ಚೆಂದ. 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತಿದೆ. ಜಿಮೇಲ್, ಡ್ರೈವ್ ಎಲ್ಲ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ನಮ್ಮ 360 ಜಿಬಿ ಎದುರು ಅದು ಅರೆಕಾಸಿನ ಮಜ್ಜಿಗೆ. ಜಾಗವನ್ನು ಕೊಂಡರೂ ಇನ್ನೊಂದು ತೊಡಕಿದೆ. ನೀವು ಅಲ್ಲಿ ಟೈಪಿಸಿದ ವಿವರಣೆ, ಎಲ್ಲವನ್ನೂ ಇಳಿಸಿಕೊಂಡಾಗ ಫೋಟೊದೊಳಗೆ ಬರುವುದಿಲ್ಲ, ಪಕ್ಕದಲ್ಲಿ ಬೇರೆಯೇ ಜೇಸನ್ ಫೈಲಾಗಿ ಬರುತ್ತದೆ. ಈ ತೊಡಕು ನಮ್ಮನ್ನು ಮುಖ್ಯ ಮಾತಿಗೆ ತರುತ್ತದೆ.

ಅಭಿಮನ್ಯುವಿನ ಪಾಠ

ಚಕ್ರವ್ಯೂಹದ ಒಳಗೆ ಹೋಗುವುದು ಅಭಿಮನ್ಯುವಿಗೆ ಗೊತ್ತಿತ್ತು, ಹೊರಗೆ ಬರುವುದು ಗೊತ್ತಿರಲಿಲ್ಲ. ಫೋಟೊ ತಂತ್ರಾಂಶ ಕೊಳ್ಳುವ ಬಹುಪಾಲು ಮಂದಿಯ ಸ್ಥಿತಿಯೂ ಅದೇ. ಒಳಗೆ ಹೋಗಲು ‘ಇಂಪೋರ್ಟ್’ ಎಂಬ ದೊಡ್ಡ ಗುಂಡಿ ಎದುರಿಗೇ ಇರುತ್ತದೆ. ಹೊರಬರುವ ದಾರಿಯನ್ನು ಯಾರೂ ವಿಚಾರಿಸುವುದಿಲ್ಲ.

ವಿಚಾರಿಸಬೇಕಾದ ಕಾರಣ ಚರಿತ್ರೆಯಲ್ಲೇ ಇದೆ. ಪಿಕಾಸಾ ಇಲ್ಲದ ಕಂಪ್ಯೂಟರ್ ಅಪರೂಪವೆನಿಸುತ್ತಿದ್ದ ಕಾಲವೊಂದಿತ್ತು. ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು. ವೃತ್ತಿಪರರಿಗಾಗಿಯೇ ಆ್ಯಪಲ್ ತಂದಿದ್ದ ಅಪರ್ಚರ್‌ನ ಬೆಳವಣಿಗೆ ನಿಲ್ಲಿಸುವುದಾಗಿ 2014ರಲ್ಲಿ ಘೋಷಣೆಯಾಯಿತು. 2019ರ ಮ್ಯಾಕ್ ಆವೃತ್ತಿಯಿಂದಾಚೆಗೆ ಅದು ತೆರೆಯುವುದೇ ಇಲ್ಲ. ಎರಡೂ ದೊಡ್ಡ ಕಂಪನಿಗಳವೇ. ಫೋಟೊಗಳೇನೂ ಕಳೆದುಹೋಗಲಿಲ್ಲ. ಆದರೆ ಆ ತಂತ್ರಾಂಶಗಳ ಒಳಗೆ ವರ್ಷಗಟ್ಟಲೆ ಕೂತು ಮಾಡಿದ ಜೋಡಣೆಯನ್ನು ಬೇರೆಡೆಗೆ ಒಯ್ಯಲು ಜನ ಪರದಾಡಬೇಕಾಯಿತು.

ಹಾಗಾಗಿ ಯಾವ ತಂತ್ರಾಂಶದ ಮುಂದೆ ಕೂತರೂ ಕೇಳಬೇಕಾದ ಪ್ರಶ್ನೆ ಇದು: ನಾನು ಫೋಟೊ ಬಗ್ಗೆ ಬರೆದದ್ದು ಎಲ್ಲಿ ಕೂರುತ್ತದೆ?

ಅದು ಕೂರುವ ಜಾಗ ಮೂರು. ಒಂದು, ತಂತ್ರಾಂಶದ ಸ್ವಂತ ಕ್ಯಾಟಲಾಗಿನಲ್ಲಿ. ಇದು ಅಂಗಡಿಯವನ ಖಾತೆ ಪುಸ್ತಕ ಇದ್ದಂತೆ. ಹುಡುಕಲು ಬಲು ವೇಗ. ಅಂಗಡಿ ಮುಚ್ಚಿದರೆ ಪುಸ್ತಕವೂ ಒಳಗೇ. ಎರಡು, ಫೋಟೊ ಫೈಲಿನ ಒಳಗೇ. ಜೆಪೆಗ್, ಟಿಫ್, ಡಿಎನ್‌ಜಿ ಫೈಲುಗಳಲ್ಲಿ ವಿವರಣೆ, ಕೀವರ್ಡ್, ಹಕ್ಕುಸ್ವಾಮ್ಯಗಳನ್ನು ಐಪಿಟಿಸಿ ಮತ್ತು ಎಕ್ಸ್‌ಎಂಪಿ ಎಂಬ ಸರ್ವಮಾನ್ಯ ಮಾದರಿಯಲ್ಲಿ ಬರೆಯಬಹುದು. ಮೂರು, ರಾ ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಎಕ್ಸ್‌ಎಂಪಿ ಫೈಲಾಗಿ. ಈ ಎರಡು ಮತ್ತು ಮೂರನೆಯ ಜಾಗದಲ್ಲಿ ಬರೆದದ್ದನ್ನು ಬೇರೆ ತಂತ್ರಾಂಶವೂ ಓದುತ್ತದೆ.

ಲೈಟ್‌ರೂಮ್ ಕ್ಲಾಸಿಕ್ ನೀವು ಹೇಳದ ಹೊರತು ಎಕ್ಸ್‌ಎಂಪಿಗೆ ತಾನಾಗಿ ಬರೆಯುವುದಿಲ್ಲ. ಕ್ಯಾಟಲಾಗ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಆಯ್ಕೆಗೆ ಟಿಕ್ ಹಾಕಬೇಕು. ಹಾಕಿದ ಮೇಲೂ ನೀವು ಕಟ್ಟಿದ ‘ಕಲೆಕ್ಷನ್’ಗಳು ಕ್ಯಾಟಲಾಗಿನಲ್ಲೇ ಉಳಿಯುತ್ತವೆ. ಆದ್ದರಿಂದ ಶಾಶ್ವತವಾಗಿ ಬೇಕಾದ ವಿಂಗಡಣೆಯನ್ನು ಕೀವರ್ಡಿನಲ್ಲೇ ಮಾಡಿ. ಕಲೆಕ್ಷನ್ ಇರಲಿ, ಈ ವಾರದ ಕೆಲಸಕ್ಕೆ. ಡಿಜಿಕ್ಯಾಮ್‌ನಲ್ಲೂ ಫೈಲಿಗೆ ಬರೆಯಬೇಕೋ, ಪಕ್ಕದ ಎಕ್ಸ್‌ಎಂಪಿಗೋ ಎಂಬುದನ್ನು ಮೊದಲ ದಿನವೇ ಸೆಟ್ ಮಾಡಿ.

ಹೊರಬರುವಾಗ ಜೊತೆಗೆ ಬಾರದ ಇನ್ನೊಂದು ವಸ್ತುವೆಂದರೆ ತಿದ್ದುಪಡಿ. ಲೈಟ್‌ರೂಮಿನಲ್ಲಿ ಹದಗೊಳಿಸಿದ ಬೆಳಕು-ನೆರಳು ಡಾರ್ಕ್‌ಟೇಬಲ್‌ನಲ್ಲಿ ಹಾಗೇ ಮೂಡುವುದಿಲ್ಲ. ಮುಖ್ಯ ಫೋಟೊಗಳ ಸಿದ್ಧಪ್ರತಿಯನ್ನು ಟಿಫ್ ಅಥವಾ ಉತ್ತಮ ಜೆಪೆಗ್ ಆಗಿ ತೆಗೆದಿಡಿ. ಚಂದಾ ಆಧಾರದ ತಂತ್ರಾಂಶವಾದರೆ ಚಂದಾ ನಿಂತ ಮರುದಿನ ಏನಾಗುತ್ತದೆ ಎಂದೂ ಓದಿಕೊಳ್ಳಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೊಗಳನ್ನು ಆಮೇಲೂ ನೋಡಬಹುದು, ಹುಡುಕಬಹುದು. ಆದರೆ ತಿದ್ದುವ ಡೆವಲಪ್ ವಿಭಾಗ ಮುಚ್ಚಿಕೊಳ್ಳುತ್ತದೆ.

ರೈಸ್ ಸಾಹೇಬರ ಸಂಖ್ಯೆ

ಕಂಪ್ಯೂಟರ್ ಹುಟ್ಟುವ ಮುಂಚೆಯೇ ನಮ್ಮಲ್ಲಿ ಇಂಥ ಕೆಲಸ ಅಚ್ಚುಕಟ್ಟಾಗಿ ನಡೆದಿದೆ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಶಾಸನಗಳು ಒಂಬತ್ತು ಸಾವಿರದ ಆಸುಪಾಸು. ಅವುಗಳಿಗೆ ತಾಲೂಕುವಾರು ಸಂಖ್ಯೆ. ತಾಲೂಕಿನ ಹೆಸರು ಮತ್ತು ಒಂದು ಸಂಖ್ಯೆ ಹೇಳಿದರೆ ಸಾಕು, ಯಾವ ಶಾಸನ ಎಂದು ಓದುವವರಿಗೆ ಇಂದಿಗೂ ತಿಳಿಯುತ್ತದೆ. ನಿಮ್ಮ ಯೋಜನೆಗೂ ಇಂಥ ಒಂದು ಸಂಖ್ಯೆ ಬೇಕು. ಅದು ಕಲ್ಲಿಗೆ ಸೇರಿದ್ದಾಗಿರಬೇಕು, ಕ್ಯಾಮೆರಾಕ್ಕಲ್ಲ. ಕ್ಯಾಮೆರಾ ಕೊಡುವ ಸಂಖ್ಯೆ 9999 ಮುಟ್ಟಿದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಎರಡನೇ ಸುತ್ತಿನಲ್ಲಿ ಒಂದೇ ಹೆಸರಿನ ಎರಡು ಫೈಲು, ಒಂದರ ಮೇಲೊಂದು ಬಿದ್ದು ಹಳೆಯದು ಮಾಯ.

ಕಾರ್ಡಿನಿಂದ ಇಳಿಸುವಾಗಲೇ ಹೆಸರು ಬದಲಿಸುವ ಸೌಲಭ್ಯ ಮೇಲೆ ಹೇಳಿದ ಬಹುತೇಕ ತಂತ್ರಾಂಶಗಳಲ್ಲಿದೆ. ಜಿಲ್ಲೆ, ತಾಲೂಕು, ಊರು, ಕಲ್ಲಿನ ಸಂಖ್ಯೆ, ದಿನಾಂಕ, ಕೊನೆಗೆ ಕ್ಯಾಮೆರಾದ ಮೂಲ ಸಂಖ್ಯೆ. ಈ ಕ್ರಮ ಸಾಕು. ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಲ್ಲೇ ಇಡಿ. ಬೇರೆ ಬೇರೆ ಕಂಪ್ಯೂಟರ್, ಸರ್ವರ್‌ಗಳ ನಡುವೆ ಓಡಾಡುವಾಗ ತಂಟೆ ಕಡಿಮೆ. ಕನ್ನಡವೆಲ್ಲ ಒಳಗಿನ ವಿವರಣೆಯಲ್ಲಿರಲಿ.

ರೈಸ್ ಸಂಪುಟಗಳಿಂದ ಇನ್ನೂ ಎರಡು ಎಚ್ಚರಿಕೆ ಕಲಿಯಬಹುದು. ಬೇಲೂರು ತಾಲೂಕಿನ ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ರೈಸ್ ಅವರ ಬೇಲೂರು ಪಟ್ಟಿ ಅಚ್ಚಾಗಿ ದಶಕಗಳಾದ ಮೇಲೆ. ನಿಮ್ಮ ಸಂಖ್ಯೆಯ ಕ್ರಮವೂ ನಾಳೆ ಸಿಗುವ ಕಲ್ಲಿಗೆ ಜಾಗ ಬಿಟ್ಟಿರಬೇಕು. ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಪುಟಗಳ ಹಂಚಿಕೆಯೂ ಸಂಖ್ಯೆಯೂ ಬದಲಾದವು. ಹಾಗಾಗಿ ಮುದ್ರಿತ ಸಂಖ್ಯೆ ಬರೆಯುವಾಗ ಹಳೆಯ ಸಂಪುಟದ್ದೋ ಹೊಸದರದ್ದೋ ಎಂದು ಹೇಳದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

ಜಾಗದ ವಿಷಯವೂ ಹೀಗೆಯೇ. ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಮಡಿದದ್ದನ್ನು ಹೇಳುವ ಹತ್ತನೇ ಶತಮಾನದ ಆತಕೂರಿನ ಕಲ್ಲು ಮಂಡ್ಯ ಜಿಲ್ಲೆಯದು. ಅದು ಈಗಿರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಕ್ಯಾಮೆರಾದ ಜಿಪಿಎಸ್ ಕಸ್ತೂರ್ಬಾ ರಸ್ತೆ ಎನ್ನುತ್ತದೆ. ‘ಸಿಕ್ಕ ಊರು’, ‘ಈಗಿರುವ ಜಾಗ’ ಎಂದು ಎರಡು ಬೇರೆ ಕೀವರ್ಡ್ ಕವಲು ಇಡದಿದ್ದರೆ ಆತಕೂರು ಎಂದು ಹುಡುಕಿದವರಿಗೆ ಈ ಕಲ್ಲು ಸಿಗುವುದೇ ಇಲ್ಲ.

ಕನ್ನಡ ಬರುತ್ತದೆಯೇ?

ವಿದೇಶಿ ಪತ್ರಿಕೆಗಳ ಹೋಲಿಕೆ ಪಟ್ಟಿಗಳಲ್ಲಿ ಈ ಸಾಲು ಇರುವುದಿಲ್ಲ. ನಮಗೆ ಅದೇ ಮೊದಲ ಸಾಲು. ಎಕ್ಸ್‌ಎಂಪಿ ಯುನಿಕೋಡ್ ಆಧಾರಿತ, ಆದ್ದರಿಂದ ಕನ್ನಡ ಬರೆಯಲು ಅಡ್ಡಿಯಿಲ್ಲ. ತೊಂದರೆ ಬರುವುದು ಬೇರೆ ಕಡೆ.

ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿಯಿಂದ ಕಾಪಿ ಮಾಡಿ ಅಂಟಿಸಿದರೆ ಕೀವರ್ಡ್ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಇನ್ನೊಂದು ಕಣ್ಣಿಗೆ ಕಾಣದ ತೊಡಕು: ‘ಕೊಡಗು’ ಎಂಬುದರ ಮೊದಲ ಅಕ್ಷರದ ಒತ್ವವನ್ನು ಕಂಪ್ಯೂಟರ್ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ ಎರಡು ಚಿಹ್ನೆಯಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಸರಿಯಾಗಿ ಹೊಂದಿಸಿ ನೋಡದ ತಂತ್ರಾಂಶಕ್ಕೆ ಮಾತ್ರ ಅವು ಎರಡು ಬೇರೆ ಊರು.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ನಮ್ಮದೇ ಬರವಣಿಗೆ. ಒಬ್ಬರು ‘ವೀರಗಲ್ಲು’ ಎಂದರೆ ಇನ್ನೊಬ್ಬರು ‘ವೀರಗಲ್’, ಮತ್ತೊಬ್ಬರು ‘ವೀರಗಲ್ಲುಗಳು’. ‘ಹಳೇಬೀಡು’, ‘ಹಳೆಬೀಡು’, ‘ಹಳೇಬೀಡಿನ’. ಕೆಲಸ ಶುರುವಾಗುವ ಮುಂಚೆ ಇನ್ನೂರು ಪದಗಳ ಒಂದು ಪಟ್ಟಿ ಮಾಡಿ, ತಂಡದ ಎಲ್ಲರೂ ಆ ಪಟ್ಟಿಯಿಂದಲೇ ಆರಿಸಬೇಕು ಎಂದು ಕಟ್ಟುನಿಟ್ಟು ಮಾಡಿ. ಪ್ರತಿ ಪದಕ್ಕೂ ಪ್ರಥಮಾ ವಿಭಕ್ತಿ, ಏಕವಚನ. ಪಕ್ಕದಲ್ಲಿ ಇಂಗ್ಲಿಷ್ ಪದವೂ ಇದ್ದರೆ ಹೊರರಾಜ್ಯದವರಿಗೂ ಉಪಯೋಗ. ‘ನಾಯಿ’, ‘ಬಿಲ್ಲು’ ಎಂಬ ಎರಡು ಪದ ಈ ಪಟ್ಟಿಯಲ್ಲಿದ್ದರೆ ಆರಂಭದಲ್ಲಿ ಬಂದ ಫೋನಿಗೆ ಉತ್ತರ ಸಿದ್ಧ.

ಒಂದು ಭಾನುವಾರದ ಪರೀಕ್ಷೆ

ಬಹುತೇಕ ಎಲ್ಲ ತಂತ್ರಾಂಶಗಳೂ ಕೆಲವು ದಿನ ಪುಕ್ಕಟೆಯಾಗಿ ಬಳಸಿ ನೋಡಲು ಸಿಗುತ್ತವೆ. ನಿಮ್ಮದೇ 500 ಫೋಟೊಗಳ ಪ್ರತಿ ಮಾಡಿಕೊಂಡು, ಆ ಪ್ರತಿಯ ಮೇಲೆ ಹೀಗೆ ಪರೀಕ್ಷಿಸಿ.

1. ಕಾರ್ಡಿನಿಂದ ಇಳಿಸಿ. ಇಳಿಸುವಾಗಲೇ ಹೆಸರು ಬದಲಾಯಿತೇ? ಒಮ್ಮೆಗೇ ಎರಡನೇ ಡಿಸ್ಕಿಗೂ ಪ್ರತಿ ಹೋಯಿತೇ?
2. ಇಪ್ಪತ್ತು ಫೋಟೊಗಳಿಗೆ ಒಟ್ಟಿಗೇ ಊರಿನ ಹೆಸರು, ಛಾಯಾಗ್ರಾಹಕರ ಹೆಸರು ಹಾಕಿ. ಎಷ್ಟು ಹೊತ್ತು ಹಿಡಿಯಿತು?
3. ಕನ್ನಡದಲ್ಲಿ ಕೀವರ್ಡ್ ಹಾಕಿ, ಕನ್ನಡದಲ್ಲೇ ಹುಡುಕಿ. ಒತ್ತಕ್ಷರ ಸರಿಯಾಗಿ ಮೂಡಿದೆಯೇ?
4. ಎರಡು ಕ್ಯಾಮೆರಾಗಳ ಗಡಿಯಾರ ಹತ್ತು ನಿಮಿಷ ಹಿಂದೆಮುಂದೆ ಇದ್ದರೆ ಒಟ್ಟಿಗೇ ಸರಿಪಡಿಸಲು ಆಗುತ್ತದೆಯೇ?
5. ಫೋಲ್ಡರನ್ನು ಬೇರೆ ಡಿಸ್ಕಿಗೆ ಸಾಗಿಸಿ. ಕಳೆದುಹೋದ ಫೋಟೊಗಳನ್ನು ತಂತ್ರಾಂಶ ಮತ್ತೆ ಗುರುತು ಹಿಡಿಯಿತೇ?
6. ಜಾಲತಾಣಕ್ಕೆಂದು ಒಂದು ಫೋಟೊ ಹೊರತೆಗೆಯಿರಿ. ಜಿಪಿಎಸ್ ಅಳಿಸುವ ಆಯ್ಕೆ ಇದೆಯೇ?
7. ಕೊನೆಗೆ ಅಭಿಮನ್ಯುವಿನ ಪರೀಕ್ಷೆ. ಆ ಫೋಲ್ಡರನ್ನು ಇನ್ನೊಂದು ತಂತ್ರಾಂಶದಲ್ಲಿ ತೆರೆಯಿರಿ. ಕೀವರ್ಡ್, ನಕ್ಷತ್ರ, ವಿವರಣೆ ಎಲ್ಲ ಕಾಣುತ್ತಿವೆಯೇ?

ಆರನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಲದಂಚಿನಲ್ಲಿ ಕಾವಲಿಲ್ಲದೆ ನಿಂತ ಕಲ್ಲಿನ ಕರಾರುವಾಕ್ ಜಾಗವನ್ನು ಫೇಸ್‌ಬುಕ್ಕಿಗೆ ಏರಿಸುವುದು ನಿಧಿಗಳ್ಳರಿಗೆ ದಾರಿ ತೋರಿಸಿದಂತೆ. ಅಪರೂಪದ ಹಕ್ಕಿಯ ಗೂಡಿಗೂ ಇದೇ ಮಾತು. ಒಳಗಿನ ಪ್ರತಿಯಲ್ಲಿ ಜಾಗ ಪೂರ್ತಿ ಇರಲಿ, ಹೊರಗಿನದರಲ್ಲಿ ತಾಲೂಕಿಗೆ ನಿಲ್ಲಿಸಿ. ತಂಡದೊಳಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಇದರ ಉಲ್ಟಾ ತೊಂದರೆ. ಫೋಟೊ ಆಗಿ ಕಳಿಸಿದರೆ ಗಾತ್ರವೂ ಕುಗ್ಗುತ್ತದೆ, ಒಳಗಿನ ವಿವರವೂ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಏಳನೆಯದರಲ್ಲಿ ಫೇಲಾದ ತಂತ್ರಾಂಶ ಉಳಿದ ಆರರಲ್ಲಿ ನೂರಕ್ಕೆ ನೂರು ತೆಗೆದರೂ ದೊಡ್ಡ ಯೋಜನೆಗೆ ಬೇಡ.

ತಂತ್ರಾಂಶ ಬ್ಯಾಕಪ್ ಅಲ್ಲ

ಕ್ಯಾಟಲಾಗಿನಲ್ಲಿ ಫೋಟೊ ಕಾಣುತ್ತಿದೆ ಎಂದರೆ ಸುರಕ್ಷಿತ ಎಂದಲ್ಲ. ಕಾಣುವುದು ಬರೀ ಮುನ್ನೋಟದ ಚಿತ್ರ, ಮೂಲ ಫೈಲು ಡಿಸ್ಕಿನಲ್ಲಿ ಯಾವತ್ತೋ ಸತ್ತಿರಬಹುದು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಸೂತ್ರ ಈಗ ಎಲ್ಲೆಡೆ ಚಾಲ್ತಿಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಮೂರನೇ ಡಿಸ್ಕನ್ನು ಅಕ್ಕನ ಮನೆಯ ಬೀರುವಿನಲ್ಲಿ ಇಟ್ಟರೂ ನಡೆಯುತ್ತದೆ. ಕ್ಯಾಟಲಾಗ್ ಫೈಲಿಗೂ ಇದೇ ನಿಯಮ. ಸಿಂಕ್ ಆಗುವ ಕ್ಲೌಡ್ ಫೋಲ್ಡರ್ ಒಂದನ್ನೇ ನಂಬಬೇಡಿ. ಇಲ್ಲಿ ತಪ್ಪಿ ಅಳಿಸಿದ್ದು ಅಲ್ಲಿಯೂ ಅಳಿದುಹೋಗುತ್ತದೆ.

ಹಾಗಾದರೆ ಯಾವುದು?

ಒಬ್ಬರೇ, ಕೈಯಲ್ಲಿ ದುಡ್ಡು ಕಡಿಮೆ: ಗುರುತು ಹಚ್ಚಲು ಡಿಜಿಕ್ಯಾಮ್, ತಿದ್ದಲು ಡಾರ್ಕ್‌ಟೇಬಲ್. ಕಲಿಯಲು ಒಂದು ತಿಂಗಳು ಕೊಡಿ. ಉಳಿದ ಹಣದಲ್ಲಿ ಇನ್ನೊಂದು ಹಾರ್ಡ್‌ಡಿಸ್ಕ್ ಕೊಳ್ಳಿ.

ಒಬ್ಬರೇ, ಇದೇ ಹೊಟ್ಟೆಪಾಡು: ಲೈಟ್‌ರೂಮ್ ಕ್ಲಾಸಿಕ್ ಅಥವಾ ಕ್ಯಾಪ್ಚರ್ ಒನ್. ಒಂದೇ ದಿನಕ್ಕೆ ಮೂರು ಸಾವಿರ ಫೋಟೊ ಆರಿಸುವವರಾದರೆ ಮುಂದೆ ಫೋಟೊ ಮೆಕ್ಯಾನಿಕ್ ಸೇರಿಸಿಕೊಳ್ಳಿ.

ಮೂರು ನಾಲ್ಕು ಜನರ ತಂಡ: ಪ್ರತಿಯೊಬ್ಬರೂ ತಮ್ಮ ಭಾಗಕ್ಕೆ ಎಕ್ಸ್‌ಎಂಪಿಯಲ್ಲಿ ಗುರುತು ಹಚ್ಚಲಿ, ಒಬ್ಬರು ಮಾತ್ರ ಎಲ್ಲವನ್ನೂ ಒಂದು ಮುಖ್ಯ ಕ್ಯಾಟಲಾಗಿಗೆ ಸೇರಿಸಲಿ. ಕೀಲಿಕೈ ಒಬ್ಬರ ಬಳಿ ಇದ್ದರೆ ಜಗಳ ಕಡಿಮೆ.

ಸಂಸ್ಥೆ: ರಿಸೋರ್ಸ್‌ಸ್ಪೇಸ್‌ನಂಥ ಸರ್ವರ್ ವ್ಯವಸ್ಥೆ. ಆದರೆ ತಂತ್ರಾಂಶದ ಬಜೆಟ್ಟಿಗಿಂತ ಮೊದಲು ಅದನ್ನು ನೋಡಿಕೊಳ್ಳುವವರ ಸಂಬಳದ ಬಜೆಟ್ ಬರೆಯಿರಿ.

ಯಾವುದನ್ನೇ ಆರಿಸಿ, ಮೊದಲ ಕೆಲಸಕ್ಕೆ ಅದು ಬೇಡ. ಒಂದು ನೋಟ್‌ಬುಕ್ ತೆಗೆದು ಸಂಖ್ಯೆಯ ಕ್ರಮವನ್ನೂ ಇನ್ನೂರು ಪದಗಳ ಪಟ್ಟಿಯನ್ನೂ ಕೈಯಲ್ಲೇ ಬರೆಯಿರಿ. ನಿಮ್ಮ ಹಳೆಯ ಫೋಲ್ಡರುಗಳಿಂದ ಒಂದು ಊರನ್ನು, ಒಂದು ಕಲ್ಲನ್ನು ಆರಿಸಿ ಈ ಭಾನುವಾರವೇ ಅದಕ್ಕೆ ಗುರುತು ಹಚ್ಚಿ. ಆ ಕಲ್ಲನ್ನು ತೋರಿಸಿ ಹೆಸರು ಹೇಳಿದ ಊರಿನ ಹಿರಿಯರು ಇನ್ನೂ ಇದ್ದಾರಲ್ಲ, ಫೋಟೊ ಒಯ್ದು ಅವರಿಂದಲೇ ವಿವರ ಸರಿಪಡಿಸಿಕೊಳ್ಳಿ. ಅವರು ಹೇಳುವುದನ್ನು ಯಾವ ತಂತ್ರಾಂಶವೂ ತಾನಾಗಿ ತುಂಬಿಕೊಡುವುದಿಲ್ಲ.